ಅಂಗಳದ ಪ್ರಶ್ನೋತ್ತರ: ಸಾಲುಮನೆಯ ಮುಂದೆ ಕೃತಕ ಹುಲ್ಲು

ಹಾಸನ ಮತ್ತು ಚಿಕ್ಕಮಗಳೂರಿನ ಹೊಸ ಬಡಾವಣೆಗಳಲ್ಲಿ ಗೋಡೆಗೆ ಗೋಡೆ ತಾಗಿಸಿ ಕಟ್ಟಿದ ಸಾಲುಮನೆಗಳು ಹೆಚ್ಚುತ್ತಿರುವಂತೆ, ಅವುಗಳ ಮುಂದೆಯೋ ಹಿಂದೆಯೋ ಉಳಿಯುವ ನೂರು, ನೂರೈವತ್ತು ಚದರ ಅಡಿಯ ಜಾಗವನ್ನು ಏನು ಮಾಡಬೇಕೆಂಬ ಪ್ರಶ್ನೆಯೂ ಈ ಅಂಕಣಕ್ಕೆ ಹೆಚ್ಚಾಗಿ ಬರುತ್ತಿದೆ. ಈ ಸಲದ ಪತ್ರಗಳಲ್ಲಿ ಬಹುಪಾಲು ಕೃತಕ ಹುಲ್ಲುಹಾಸನ್ನು ಕುರಿತವು. ಒಂದೇ ಬಗೆಯ ಪ್ರಶ್ನೆಗಳನ್ನು ಕೂಡಿಸಿ, ಬರೆದವರ ಹೆಸರು ಬಿಟ್ಟು ಉತ್ತರಿಸಿದ್ದೇನೆ.

ಪ್ರಶ್ನೆ: ಹಾಸನದ ಸಾಲಗಾಮೆ ರಸ್ತೆಯ ಕಡೆ ಸಾಲುಮನೆಯೊಂದನ್ನು ಹೊಸದಾಗಿ ಕೊಂಡಿದ್ದೇವೆ. ಮುಂದೆ 10 ಅಡಿ ಅಗಲ, 12 ಅಡಿ ಉದ್ದದ ಅಂಗಳವಿದೆ. ಬಿಲ್ಡರ್ ತುಂಬಿಸಿದ ಮಣ್ಣು ಮಳೆ ಬಂದರೆ ಕೆಸರಾಗುತ್ತದೆ. ಕೃತಕ ಹುಲ್ಲು ಹಾಕುವವರು ಬಂದು ನೋಡಿ, ಮಣ್ಣನ್ನು ಸ್ವಲ್ಪ ಮಟ್ಟ ಮಾಡಿ ಅದರ ಮೇಲೆಯೇ ಹಾಸಿ, ಸುತ್ತ ಮೊಳೆ ಹೊಡೆದು ಅರ್ಧ ದಿನದಲ್ಲಿ ಮುಗಿಸಿಕೊಡುತ್ತೇವೆ ಎನ್ನುತ್ತಾರೆ. ಒಪ್ಪಬಹುದೇ?
— ಶಿಕ್ಷಕಿಯೊಬ್ಬರು, ಹಾಸನ

ಉತ್ತರ: ಒಪ್ಪಬೇಡಿ. ನಿಮ್ಮ ಅಂಗಳದಲ್ಲಿ ನೀರು ಹೋಗಲು ದಾರಿಯಿಲ್ಲದ್ದರಿಂದಲೇ ಕೆಸರಾಗುತ್ತಿದೆ. ಆ ದಾರಿ ಮಾಡದೆ ಮೇಲೆ ಹುಲ್ಲು ಹಾಸಿದರೆ ಕೆಸರು ಮರೆಯಾಗುತ್ತದೆಯೇ ಹೊರತು ಹೋಗುವುದಿಲ್ಲ. ಒಂದು ಚದರ ಮೀಟರಿನ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು ಎಂಬುದು ಎಲ್ಲ ಕಡೆಗೂ ಹೊಂದುವ ಲೆಕ್ಕ. ನಿಮ್ಮ 120 ಚದರ ಅಡಿ ಎಂದರೆ ಸುಮಾರು 11 ಚದರ ಮೀಟರ್. ಒಂದು ಸಂಜೆ 40 ಮಿಲಿಮೀಟರ್ ಸುರಿದರೆ ಆ ಪುಟ್ಟ ಜಾಗದ ಮೇಲೆಯೇ 440 ಲೀಟರಿಗೂ ಹೆಚ್ಚು ನೀರು ಬಿದ್ದಿರುತ್ತದೆ. ಸಜ್ಜಾದಿಂದ ಸುರಿಯುವ, ಬಾಲ್ಕನಿಯ ಪೈಪಿನಿಂದ ಇಳಿಯುವ ನೀರು ಈ ಲೆಕ್ಕಕ್ಕೆ ಸೇರಿಲ್ಲ. ಹಾಸಿನ ತಳದಲ್ಲಿ ತೂತುಗಳಿವೆ, ನೀರು ಅವುಗಳ ಮೂಲಕ ಇಳಿದುಹೋಗುತ್ತದೆ ಎಂದು ಮಾರುವವರು ಹೇಳುವುದು ಸುಳ್ಳಲ್ಲ. ಆದರೆ ತೂತಿನ ಕೆಳಗೆ ತುಳಿದು ಗಟ್ಟಿಯಾದ ಜೇಡಿಮಣ್ಣಿದ್ದರೆ ಇಳಿದ ನೀರು ಅಲ್ಲಿಯೇ ನಿಲ್ಲುತ್ತದೆ.

ಹೀಗೆ ಮಣ್ಣಿನ ಮೇಲೆ ನೇರವಾಗಿ ಹಾಸಿದ್ದ ಅಂಗಳವೊಂದನ್ನು ಆರಿದ್ರಾ ಮಳೆ ಕಳೆದ ಮೇಲೆ ನೋಡಿದ್ದೇನೆ. ಮೇಲಿನ ಹಸಿರಿಗೆ ಏನೂ ಆಗಿರಲಿಲ್ಲ. ಕಾಲಿಟ್ಟಲ್ಲಿ ಮಾತ್ರ ಹಾಸು ಅರ್ಧ ಅಂಗುಲ ಕುಸಿದು, ಎಳೆಗಳ ನಡುವಿನಿಂದ ಕೆಂಪು ನೀರು ಉಕ್ಕುತ್ತಿತ್ತು. ಮೂಲೆಯ ಮೊಳೆಗಳನ್ನು ಕಿತ್ತು ಎತ್ತಿದಾಗ ಹಾಸಿನ ಬೆನ್ನಿಗೆ ಲೋಳೆಯಂಥ ಕೆಸರು ಹತ್ತಿಕೊಂಡಿತ್ತು, ತೂತುಗಳು ನುಣ್ಣನೆಯ ಮಣ್ಣಿನಿಂದ ಮುಚ್ಚಿಹೋಗಿದ್ದವು, ಮೊಳೆಗಳಿಗೆ ತುಕ್ಕು ಹಿಡಿದಿತ್ತು, ಪಕ್ಕದ ಗೋಡೆಯ ಬಣ್ಣ ಒಂದು ಗೇಣು ಎತ್ತರದವರೆಗೆ ಉಬ್ಬಿ ಪದರ ಬಿಟ್ಟಿತ್ತು. ಆ ಮನೆಯವರು ಕೊಂಡಿದ್ದ ಹಾಸು ಅಗ್ಗದ್ದೇನಲ್ಲ. ಇದ್ದ ಹಣವನ್ನೆಲ್ಲ ಹಾಸಿಗೇ ಹಾಕಿ, ಕೆಳಗಿನ ಕೆಲಸವನ್ನು ಬಿಟ್ಟಿದ್ದರು.

ಮನೆ ಹೊಸದಾದ್ದರಿಂದ ತುಂಬಿದ ಮಣ್ಣು ಇನ್ನೂ ಪೂರ್ತಿ ಕೂತಿರುವುದಿಲ್ಲ. ಒಂದು ಮಳೆಗಾಲ ಕಳೆಯಲು ಬಿಡಿ. ಎಲ್ಲಿ ಎಷ್ಟು ಇಳಿಯುತ್ತದೆಂಬುದು ತಾನಾಗಿ ತಿಳಿಯುತ್ತದೆ. ಆಮೇಲೆ ಡಿಸೆಂಬರ್‌ನಿಂದ ಮಾರ್ಚ್‌ವರೆಗಿನ ಒಣ ದಿನಗಳಲ್ಲಿ ಕೆಲಸ ಹಿಡಿಯಿರಿ. ಏಪ್ರಿಲ್ ಬಂತೆಂದರೆ ಸಂಜೆಯ ಗುಡುಗು ಮಳೆ ಶುರುವಾಗುತ್ತದೆ, ಒದ್ದೆ ನೆಲದ ಮೇಲೆ ಜೋಡಣೆಯ ಅಂಟು ಹಿಡಿಯುವುದಿಲ್ಲ. ಮೇಲಿನ ಮಣ್ಣನ್ನು ಐದು ಅಂಗುಲ ಆಳಕ್ಕೆ ಅಗೆಸಿ ತೆಗೆಸಬೇಕು. ಇಷ್ಟು ಜಾಗದಿಂದ ಸುಮಾರು 50 ಘನ ಅಡಿ ಮಣ್ಣು ಬರುತ್ತದೆ, ಸಡಿಲವಾದ ಮೇಲೆ ರಾಶಿ ಇನ್ನೂ ದೊಡ್ಡದಾಗುತ್ತದೆ. ಅದನ್ನು ಯಾರು, ಎಲ್ಲಿಗೆ ಸಾಗಿಸಬೇಕೆಂಬುದನ್ನು ಮೊದಲೇ ಮಾತಾಡಿಕೊಳ್ಳಿ, ಇಲ್ಲವಾದರೆ ರಸ್ತೆಯ ಬದಿಯಲ್ಲಿ ಬಿದ್ದ ಆ ಮಣ್ಣು ಮೊದಲ ಮಳೆಗೆ ನಿಮ್ಮದೇ ಚರಂಡಿಯನ್ನು ಮುಚ್ಚುತ್ತದೆ. ಅಗೆಯುವಾಗ ಜೇಕಿನ ಗಡ್ಡೆ, ಗರಿಕೆಯ ಬೇರು ಸಿಕ್ಕಷ್ಟನ್ನೂ ಆರಿಸಿ ತೆಗೆಯಿರಿ. ಜೇಕಿನ ಚೂಪು ಮೊಳಕೆ ತೆಳು ಬಟ್ಟೆಯನ್ನು ಚುಚ್ಚಿಕೊಂಡು ಮೇಲೆ ಬರುತ್ತದೆ, ಹಾಸು ಹಾಕಿದ ಮೇಲೆ ಅದನ್ನು ಬುಡಸಹಿತ ಕೀಳುವುದಕ್ಕೆ ಆಗುವುದಿಲ್ಲ.

ಮುಂದಿನದು ವಾಟ. ಮನೆಯ ಗೋಡೆಯಿಂದ ಗೇಟಿನ ಕಡೆಗೆ, ಅಥವಾ ಚರಂಡಿ ಯಾವ ಕಡೆ ಇದೆಯೋ ಆ ಕಡೆಗೆ, ಹತ್ತು ಅಡಿಗೆ ಒಂದೂವರೆ ಅಂಗುಲ ಇಳಿಜಾರು ಬರುವಂತೆ ತಳದ ಮಣ್ಣನ್ನೇ ಕೆತ್ತಿಸಿ. ಮೇಸ್ತ್ರಿ ಕಣ್ಣಳತೆಯಲ್ಲಿ ಸರಿಯಿದೆ ಎಂದರೆ ಸಾಲದು. ಲೆವೆಲ್ ಪೈಪಿಗೆ ನೀರು ತುಂಬಿ ನಾಲ್ಕೂ ಮೂಲೆಗಳಲ್ಲಿ ಹಿಡಿದು ತೋರಿಸಲಿ. ಕೆಳಗಿನ ಮಣ್ಣನ್ನು ತಗ್ಗಾಗಿಯೇ ಬಿಟ್ಟು ಮೇಲಿನ ಪುಡಿಯಲ್ಲಿ ಮಾತ್ರ ಇಳಿಜಾರು ಮಾಡಿದರೆ ನೀರು ಆ ತಗ್ಗಿನಲ್ಲಿಯೇ ಸೇರುತ್ತದೆ. ವಾಟ ಮುಗಿಯುವ ಕಡೆ, ಕಾಂಪೌಂಡಿನ ಬುಡಕ್ಕೆ ಉದ್ದಕ್ಕೂ ತೂತು ಕೊರೆದ ಮೂರು ಅಂಗುಲದ ಪಿವಿಸಿ ಪೈಪನ್ನು ಜಲ್ಲಿಯೊಳಗೆ ಮಲಗಿಸಿ, ಅದರ ಬಾಯನ್ನು ಮಳೆನೀರಿನ ಚರಂಡಿಗೆ ಬಿಡಿಸಿ. ಒಳಚರಂಡಿಯ ಚೇಂಬರಿಗೆ ಮಾತ್ರ ಬಿಡಬೇಡಿ. ಜೋರು ಮಳೆಯ ದಿನ ಅಲ್ಲಿಂದ ಕೊಳಕು ನೀರು ಹಿಂದಕ್ಕೆ ಉಕ್ಕಿ ಬರುವುದು ಇಂಥ ಜೋಡಣೆಗಳಿಂದಲೇ.

ತಳಕ್ಕೆ ದಿಮ್ಮಸು ಹೊಡೆಸಿ, ಮಣ್ಣು ಮೇಲೆ ಬಂದು ಬೆರೆಯದಂತೆ ಜಿಯೊಟೆಕ್ಸ್‌ಟೈಲ್ ಬಟ್ಟೆ ಹಾಸಿ, ಅದರ ಮೇಲೆ 20 ಎಂಎಂ ಜಲ್ಲಿಯನ್ನು ಮೂರು ಅಂಗುಲ ದಪ್ಪಕ್ಕೆ ಹರಡಿಸಿ. ಜಲ್ಲಿಯ ಸಂದು ಮುಚ್ಚುವಷ್ಟು 6 ಎಂಎಂ ಚಿಪ್ಸ್ ಹಾಕಿ, ಅದರ ಮೇಲೆ ಜರಡಿ ಹಿಡಿದು ಧೂಳು ತೆಗೆದ ಕ್ರಷರ್ ಪುಡಿ ಒಂದು ಅಂಗುಲ ಬರಲಿ. ನಿಮ್ಮ ಅಂಗಳಕ್ಕೆ ಜಲ್ಲಿ 30 ಘನ ಅಡಿ, ಪುಡಿ 10 ಘನ ಅಡಿ ಹಿಡಿಯುತ್ತದೆ. ಒತ್ತಿದಾಗ ಇಳಿಯುವುದರಿಂದ ಐದನೇ ಒಂದರಷ್ಟು ಹೆಚ್ಚು ತರಿಸಿ. ಪ್ರತಿ ಪದರಕ್ಕೂ ನೀರು ಚಿಮುಕಿಸಿ ದಿಮ್ಮಸು ಹೊಡೆದ ಮೇಲೆ, ಚಪ್ಪಲಿ ಬಿಟ್ಟು ಹಿಮ್ಮಡಿ ಊರಿ ನಿಂತರೆ ಗುರುತು ಬೀಳಬಾರದು. ಹಾಸು ಬಿಡಿಸುವ ಮೊದಲು ಮೇಲಿನ ಮೂಲೆಯಲ್ಲಿ ಎರಡು ಕೊಡಪಾನ ನೀರು ಸುರಿಸಿ ನೋಡಿ. ಕಾಲು ಗಂಟೆಯಲ್ಲಿ ಎಲ್ಲಿಯೂ ನಿಂತ ನೀರಿಲ್ಲದೆ, ಪೈಪಿನ ಬಾಯಲ್ಲಿ ಅದು ಇಳಿಯುವುದು ಕಾಣಿಸಿದರೆ ಮುಂದಿನ ಕೆಲಸಕ್ಕೆ ಹಣ ಕೊಡಿ. ಇಷ್ಟಕ್ಕೆ ಅರ್ಧ ದಿನ ಸಾಲದು, ಮೂರು ದಿನ ಬೇಕು. ದರ ಮಾತಾಡುವಾಗ ಹಾಸಿನ ಬೆಲೆಯನ್ನೂ ತಳದ ಕೆಲಸದ ಕೂಲಿಯನ್ನೂ ಬೇರೆಬೇರೆಯಾಗಿ ಬರೆಸಿಕೊಳ್ಳಿ. ಒಟ್ಟು ದರ ಎಂದು ಮಾತಾದಲ್ಲಿ ಉಳಿತಾಯವಾಗುವುದು ಯಾವಾಗಲೂ ಜಲ್ಲಿಯಲ್ಲಿ.

ಪ್ರಶ್ನೆ: ನಮ್ಮ ಹಿತ್ತಲಿಗೆ ಆಗಲೇ ಸಿಮೆಂಟ್ ನೆಲವಿದೆ. ಒಂದು ಮೂಲೆಯಲ್ಲಿ ನೀರು ನಿಲ್ಲುತ್ತದೆ. ಸಂಪಿನ ಮುಚ್ಚಳ, ಒಳಚರಂಡಿಯ ಚೇಂಬರ್ ಎರಡೂ ಅಲ್ಲಿಯೇ ಇವೆ. ಹುಲ್ಲುಹಾಸನ್ನು ಪೂರ್ತಿ ಅಂಟಿಸಿಬಿಡಬಹುದೇ?
— ಬ್ಯಾಂಕ್ ನೌಕರರು, ಚಿಕ್ಕಮಗಳೂರು

ಉತ್ತರ: ಪೂರ್ತಿ ಅಂಟಿಸುವುದು ಬೇಡ. ಸಿಮೆಂಟ್ ನೆಲದ ಮೇಲೆ ಹಾಸಿಗೂ ನೆಲಕ್ಕೂ ನಡುವೆ ನೀರು ಹರಿಯಲು ಜಾಗ ಬೇಕು. ಅದಕ್ಕೆ ಉಬ್ಬುಗಳಿರುವ ಡ್ರೈನೇಜ್ ಮ್ಯಾಟ್ ಸಿಗುತ್ತದೆ, ಅದನ್ನು ಕೆಳಗೆ ಹಾಕಿ, ಹಾಸನ್ನು ನಾಲ್ಕು ಅಂಚಿನಲ್ಲಿ ಮಾತ್ರ ಅಲ್ಲಲ್ಲಿ ಅಂಟಿಸಿದರೆ ಸಾಕು. ವಾಟದ ತಗ್ಗಿನ ಅಂಚನ್ನು ಅಂಟಿನಿಂದ ಮುಚ್ಚಲೇಬಾರದು. ನೀರು ನಿಲ್ಲುವ ಮೂಲೆಯನ್ನು ಮೊದಲು ಗಾರೆ ಕೆಲಸದವರಿಂದ ಎತ್ತರಿಸಿ ಸರಿಮಾಡಿಸಿ. ಹುಲ್ಲು ಹಾಕಿದರೆ ಸರಿಹೋಗುತ್ತದೆ ಎಂದುಕೊಂಡರೆ ಅಲ್ಲಿ ಸೊಳ್ಳೆಗೆ ಮನೆ ಕಟ್ಟಿಕೊಟ್ಟಂತೆ.

ಸಂಪಿನ ಮುಚ್ಚಳದ ವಿಷಯ ನೀವೇ ಬರೆದದ್ದು ಒಳ್ಳೆಯದಾಯಿತು, ಏಕೆಂದರೆ ಹಲವರು ಇದನ್ನು ಹುಲ್ಲು ಹಾಕಿದ ಮೇಲೆ ನೆನೆಯುತ್ತಾರೆ. ಸಂಪನ್ನು ವರ್ಷಕ್ಕೊಮ್ಮೆಯಾದರೂ ಇಳಿದು ತೊಳೆಯಬೇಕು, ಚೇಂಬರ್ ಕಟ್ಟಿಕೊಂಡರೆ ಯಾವ ಹೊತ್ತಿನಲ್ಲಾದರೂ ತೆಗೆಯಬೇಕಾಗುತ್ತದೆ. ಎರಡು ಮುಚ್ಚಳಗಳ ಅಳತೆಗೆ ಸರಿಯಾಗಿ ಹಾಸನ್ನು ಕತ್ತರಿಸಿ, ಆ ತುಂಡನ್ನು ಮುಚ್ಚಳಕ್ಕೇ ಬೇರೆಯಾಗಿ ಅಂಟಿಸಬೇಕು. ಸಂಪಿನ ಬಾಯಿ ಸುತ್ತಲಿನ ನೆಲಕ್ಕಿಂತ ಎರಡು ಅಂಗುಲವಾದರೂ ಎತ್ತರಕ್ಕಿರುವ ಕಟ್ಟೆಯಾಗಿರಲಿ. ನೆಲಕ್ಕೆ ಸಮವಾಗಿದ್ದರೆ ಹಾಸಿನ ಕೆಳಗೆ ಹರಿಯುವ ನೀರು ಧೂಳನ್ನೂ ಬೆಕ್ಕು, ನಾಯಿಯ ಹೊಲಸನ್ನೂ ಹೊತ್ತು ನೀವು ಕುಡಿಯುವ ನೀರಿಗೆ ಇಳಿಯುತ್ತದೆ. ಕಟ್ಟೆ ಕಟ್ಟಿಸುವುದಕ್ಕೆ ಆಗದಿದ್ದರೆ ಆ ಹಿತ್ತಲಿಗೆ ಹುಲ್ಲು ಹಾಕಿಸಬೇಡಿ ಎಂದೇ ನನ್ನ ಸಲಹೆ.

ಪ್ರಶ್ನೆ: ಅಂಗಡಿಯಲ್ಲಿ 25 ಎಂಎಂ, 35 ಎಂಎಂ, 50 ಎಂಎಂ ಎಂದು ಹಲವು ಬಗೆ ತೋರಿಸುತ್ತಾರೆ. ದಪ್ಪವಾದದ್ದೇ ಒಳ್ಳೆಯದೇ? ಆರಿಸುವಾಗ ಏನನ್ನು ನೋಡಬೇಕು?
— ಗೃಹಿಣಿ, ಹಾಸನ ಮತ್ತು ಇನ್ನೂ ಕೆಲವರು

ಉತ್ತರ: ಅಂಗಡಿಯವರು ಹೇಳುವ ಎಂಎಂ ಎಳೆಯ ಎತ್ತರ. 50 ಎಂಎಂ ಎಳೆ ನೋಡಲು ಸೊಂಪಾಗಿರುತ್ತದೆ, ಆದರೆ ನಡೆದಾಡಿದಲ್ಲಿ ಬೇಗ ಮಲಗುತ್ತದೆ, ನಮ್ಮ ಕಡೆಯ ತೇವದಲ್ಲಿ ಬೇಗ ಒಣಗುವುದಿಲ್ಲ. ಮನೆಯಂಗಳಕ್ಕೆ 30ರಿಂದ 35 ಎಂಎಂ ಸಾಕು. ಎತ್ತರಕ್ಕಿಂತ ಎಳೆಗಳ ಒತ್ತು ಮುಖ್ಯ. ತುಂಡನ್ನು ಹಿಂದಕ್ಕೆ ಮಡಿಚಿ ಹಿಡಿಯಿರಿ. ಎಳೆಗಳ ನಡುವೆ ಕಪ್ಪು ತಳ ಢಾಳಾಗಿ ಕಂಡರೆ ಹೊಲಿಗೆ ವಿರಳವಾಗಿದೆ ಎಂದರ್ಥ. ಎಳೆ ಪಾಲಿಎಥಿಲೀನ್‌ನದೋ ಪಾಲಿಪ್ರೊಪಿಲೀನ್‌ನದೋ ಕೇಳಿ. ಮೊದಲನೆಯದು ಕಾಲಿಗೆ ಮೃದು, ಎರಡನೆಯದು ಒರಟು ಮತ್ತು ಅಗ್ಗ. ಬುಡದಲ್ಲಿ ಕಾಣುವ ಕಂದು ಬಣ್ಣದ ಗುಂಗುರು ಎಳೆ ಸಾಮಾನ್ಯವಾಗಿ ಪಾಲಿಪ್ರೊಪಿಲೀನೇ, ಅದಕ್ಕೆ ಚಿಂತೆಯಿಲ್ಲ. ಎಳೆಗಳನ್ನು ಹಿಡಿದಿಡುವ ಬೆನ್ನಿನ ಲೇಪ ಲ್ಯಾಟೆಕ್ಸ್ ಆಗಿದ್ದರೆ ಸದಾ ತೇವದಲ್ಲಿ ಕ್ರಮೇಣ ಬಲ ಕಳೆದುಕೊಳ್ಳುತ್ತದೆ, ಪಾಲಿಯುರೆಥೇನ್ ನೀರಿಗೆ ಹೆಚ್ಚು ತಡೆಯುತ್ತದೆ. ಬಿಸಿಲಿನ ಅತಿನೇರಳೆ ಕಿರಣಕ್ಕೆ ಎಷ್ಟು ವರ್ಷದ ವಾರಂಟಿ, ಬಣ್ಣದಲ್ಲಿ ಸೀಸವಿಲ್ಲವೆಂಬ ಪರೀಕ್ಷಾ ಪತ್ರವಿದೆಯೇ ಎಂಬೆರಡನ್ನು ಬರಹದಲ್ಲಿ ಕೇಳಿ ಪಡೆಯಿರಿ.

ಈ ವಸ್ತು ಪ್ರಸಿದ್ಧಿಗೆ ಬಂದದ್ದೇ ಬಿಸಿಲು ಬೀಳದ ಕಡೆ ನಿಜವಾದ ಹುಲ್ಲು ಬದುಕದಿದ್ದಾಗ. ಅಮೆರಿಕದ ಹೂಸ್ಟನ್ನಿನಲ್ಲಿ 1965ರಲ್ಲಿ ತೆರೆದ, ಪೂರ್ತಿ ಚಾವಣಿಯಿದ್ದ ಆಸ್ಟ್ರೊಡೋಮ್ ಕ್ರೀಡಾಂಗಣದಲ್ಲಿ ಬೇಸ್‌ಬಾಲ್ ಆಟಗಾರರಿಗೆ ಚಾವಣಿಯ ಬೆಳಕು ಕಣ್ಣಿಗೆ ಕುಕ್ಕಿ ಚೆಂಡು ಕಾಣಿಸದಾಗ ಅದಕ್ಕೆ ಬಣ್ಣ ಬಳಿದರು. ಬೆಳಕಿಲ್ಲದೆ ಕೆಳಗಿನ ಹುಲ್ಲು ಸತ್ತಿತು. 1966ರಲ್ಲಿ ಕೃತಕ ಹುಲ್ಲು ಹಾಸಿದರು. ಆಸ್ಟ್ರೊಟರ್ಫ್ ಎಂಬ ಹೆಸರು ಬಂದದ್ದು ಅಲ್ಲಿಂದ. ಎರಡೂ ಬದಿಯ ಗೋಡೆಗಳ ನೆರಳಿನಲ್ಲಿರುವ ಸಾಲುಮನೆಯ ಅಂಗಳಕ್ಕೂ ಅದೇ ತೊಂದರೆ ಇರುವುದರಿಂದ, ಕೃತಕ ಹುಲ್ಲೆಂದರೆ ತಪ್ಪು ಎಂದು ನಾನು ಸಾರಾಸಗಟಾಗಿ ಹೇಳುವುದಿಲ್ಲ.

ಕತ್ತರಿಸುವ ಲೆಕ್ಕವನ್ನೂ ನೀವೇ ಹಾಕಿಕೊಳ್ಳಬೇಕು. ರೋಲಿನ ಅಗಲ ಸಾಮಾನ್ಯವಾಗಿ ಎರಡು ಮೀಟರ್, ಅಂದರೆ ಸುಮಾರು ಆರೂವರೆ ಅಡಿ. ಮೇಲಿನ ಶಿಕ್ಷಕಿಯವರ 10 ಅಡಿಗೆ 12 ಅಡಿ ಅಂಗಳವನ್ನೇ ತೆಗೆದುಕೊಳ್ಳಿ. 12 ಅಡಿ ಉದ್ದದ ಎರಡು ತುಂಡು ಹಾಕಿದರೆ ಸುಮಾರು 157 ಚದರ ಅಡಿ ಕೊಳ್ಳಬೇಕು; ಅಡ್ಡಲಾಗಿ, 10 ಅಡಿಯ ಎರಡು ತುಂಡು ಹಾಕಿದರೆ 131 ಚದರ ಅಡಿ ಸಾಕು. ಆದರೆ ಎಳೆಗಳು ರೋಲಿನ ಉದ್ದದ ದಿಕ್ಕಿಗೆ ಬಾಗಿರುತ್ತವೆ. ಬಾಗಿಲಲ್ಲಿ ನಿಂತು ನೋಡುವವರ ಕಡೆಗೆ ಎಳೆ ಬಾಗಿದ್ದರೆ ಹುಲ್ಲು ದಟ್ಟವಾಗಿ ಕಾಣುತ್ತದೆ, ಅಡ್ಡಕ್ಕೆ ಬಾಗಿದ್ದರೆ ಸ್ವಲ್ಪ ಬೇರೆಯಾಗಿ ಕಾಣುತ್ತದೆ. ಹಣ ಉಳಿಯುವ ಅಡ್ಡ ಜೋಡಣೆಗೇ ನನ್ನ ಒಲವು. ಯಾವುದಾದರೂ ಸರಿ, ಎರಡು ತುಂಡುಗಳ ಎಳೆ ಒಂದೇ ದಿಕ್ಕಿಗಿರಬೇಕು. ಒಂದನ್ನು ತಿರುಗಿಸಿ ಹಾಕಿದರೆ ಎರಡು ಬಣ್ಣದ ಹಾಸು ಜೋಡಿಸಿದಂತೆ ಕಾಣುತ್ತದೆ, ಆ ತಪ್ಪನ್ನು ಆಮೇಲೆ ತಿದ್ದಲಾಗದು. ನಾಲ್ಕು ಮೀಟರ್ ಅಗಲದ ರೋಲ್ ಸಿಕ್ಕರೆ ಜೋಡಣೆಯ ಗೊಡವೆಯೇ ಇಲ್ಲ. ಜೋಡಿಸುವಾಗ ಅಂಚಿನ ಎರಡು ಹೊಲಿಗೆ ಸಾಲು ಬಿಟ್ಟು ಬೆನ್ನಿನ ಕಡೆಯಿಂದ ಕತ್ತರಿಸಿ, ಕೆಳಗೆ ಪಟ್ಟಿ ಇಟ್ಟು ಅಂಟು ಹಾಕಬೇಕು. ಬರಿಯ ಮೊಳೆಯಲ್ಲಿ ಜೋಡಿಸಿದ್ದು ಮಕ್ಕಳ ಕಾಲಿಗೆ ಸಿಕ್ಕಿ ಏಳುತ್ತದೆ.

ಪ್ರಶ್ನೆ: ಕಡೂರಿನಲ್ಲಿ ನಮ್ಮ ಮನೆಯಂಗಳಕ್ಕೆ ಬೆಳಗಿನಿಂದ ಸಂಜೆಯವರೆಗೆ ಬಿಸಿಲು. ಮೂರು ವರ್ಷದ ಮಗು ಬರಿಗಾಲಲ್ಲಿ ಆಡುತ್ತದೆ. ಕೃತಕ ಹುಲ್ಲು ಕಾಯುತ್ತದೆ ಎನ್ನುವುದು ನಿಜವೇ? ಅದರೊಳಗೆ ಹಾಕುವ ಕಪ್ಪು ರಬ್ಬರ್ ಕಾಳು ಅಪಾಯವೇ?
— ತಾಯಿಯೊಬ್ಬರು, ಕಡೂರು

ಉತ್ತರ: ನಿಜ, ಮತ್ತು ಅಂದಾಜಿಗಿಂತ ಹೆಚ್ಚು ಕಾಯುತ್ತದೆ. ನಿಜವಾದ ಹುಲ್ಲು ಎಲೆಗಳಿಂದ ನೀರು ಬಿಟ್ಟು ತನ್ನನ್ನು ತಾನೇ ತಂಪಾಗಿಟ್ಟುಕೊಳ್ಳುತ್ತದೆ, ಪ್ಲಾಸ್ಟಿಕ್ಕಿಗೆ ಆ ಶಕ್ತಿಯಿಲ್ಲ. ಅಮೆರಿಕದ ಯೂಟಾ ರಾಜ್ಯದ ಬ್ರಿಗಮ್ ಯಂಗ್ ವಿಶ್ವವಿದ್ಯಾಲಯದವರು 2002ರಲ್ಲಿ ತಮ್ಮ ಆಟದ ಮೈದಾನದಲ್ಲಿ ಅಳೆದಾಗ, ಗಾಳಿಯ ಉಷ್ಣಾಂಶ 37 ಡಿಗ್ರಿಯ ಆಸುಪಾಸಿನಲ್ಲಿದ್ದ ದಿನ ಕೃತಕ ಹುಲ್ಲಿನ ಮೇಲ್ಮೈ 93 ಡಿಗ್ರಿ ಸೆಲ್ಸಿಯಸ್ ಮುಟ್ಟಿತ್ತು. ನೀರು ಹಾಯಿಸಿದಾಗ ತಣ್ಣಗಾದರೂ ಇಪ್ಪತ್ತು ನಿಮಿಷದೊಳಗೆ ಬಹುಪಾಲು ಬಿಸಿ ಮರಳಿತ್ತು. ಅದು ರಬ್ಬರ್ ಕಾಳು ತುಂಬಿದ ದೊಡ್ಡ ಮೈದಾನ, ನಿಮ್ಮದು ಅಷ್ಟಾಗದು. ಆದರೂ ಮಾರ್ಚ್, ಏಪ್ರಿಲ್‌ನ ಮಧ್ಯಾಹ್ನ ಮಗುವಿನ ಅಂಗಾಲು ಸುಡುವಷ್ಟು ಖಂಡಿತ ಕಾಯುತ್ತದೆ. ನಿಮ್ಮ ಅಂಗೈಯ ಹಿಂಬದಿಯನ್ನು ಹಾಸಿನ ಮೇಲೆ ಐದು ಎಣಿಸುವವರೆಗೆ ಇಡಲಾಗದಿದ್ದರೆ ಮಗುವನ್ನು ಬಿಡಬಾರದು. ಮೇಲೆ ನೆರಳುಪರದೆ ಕಟ್ಟಿಸಿ, ಅಥವಾ ಪಡುವಣ ದಿಕ್ಕಿನಲ್ಲಿ ಒಂದು ಕರಿಬೇವಿನ ಗಿಡವನ್ನೋ ಚಪ್ಪರಕ್ಕೆ ಬಳ್ಳಿಯನ್ನೋ ಬೆಳೆಸಿ. ಕಡೂರಿನಂಥ ಕಡಿಮೆ ಮಳೆಯ ಊರಿನಲ್ಲಿ ದಿನವೂ ಪ್ಲಾಸ್ಟಿಕ್ಕಿನ ಮೇಲೆ ನೀರು ಸುರಿದು ತಂಪು ಮಾಡುವುದು ನನಗೆ ಸರಿಯೆನಿಸದು. ಅಷ್ಟೇ ನೀರಿನಲ್ಲಿ ಗರಿಕೆ ಬೆಳೆಯುತ್ತದೆ, ನಿಮ್ಮಲ್ಲಿ ಅದಕ್ಕೆ ಬೇಕಾದ ಬಿಸಿಲೂ ಇದೆ.

ರಬ್ಬರ್ ಕಾಳು ಹಳೆಯ ಟೈರುಗಳನ್ನು ಪುಡಿ ಮಾಡಿದ್ದು. ಆಟದ ಮೈದಾನದಲ್ಲಿ ಬಿದ್ದವರಿಗೆ ಪೆಟ್ಟಾಗದಿರಲೆಂದು ಅದನ್ನು ಹಾಕುತ್ತಾರೆ, ಮನೆಯಂಗಳಕ್ಕೆ ಅದರ ಅಗತ್ಯವೇ ಇಲ್ಲ. ಯುರೋಪಿಯನ್ ಒಕ್ಕೂಟ 2023ರಲ್ಲಿ ಮಾಡಿದ ಮೈಕ್ರೋಪ್ಲಾಸ್ಟಿಕ್ ನಿಯಮದಲ್ಲಿ ಇಂಥ ಕಾಳುಗಳ ಮಾರಾಟವನ್ನು ಎಂಟು ವರ್ಷಗಳ ಕಾಲಾವಕಾಶ ಕೊಟ್ಟು ನಿಲ್ಲಿಸಲು ತೀರ್ಮಾನಿಸಿದೆ, ಏಕೆಂದರೆ ಅವು ಮಳೆನೀರಿನೊಂದಿಗೆ ಹರಿದು ಮಣ್ಣಿಗೂ ಹೊಳೆಗೂ ಸೇರುತ್ತವೆ. ಹಾಸಿಗೆ ಭಾರ ಬೇಕೆಂದರೆ ತೊಳೆದು ಒಣಗಿಸಿದ ದುಂಡು ಕಾಳಿನ ಸಿಲಿಕಾ ಮರಳು ಹಾಕಿಸಿ.

ಪ್ರಶ್ನೆ: ಮೂಡಿಗೆರೆಯಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಿಸಿಲೇ ಕಾಣುವುದಿಲ್ಲ. ನಮ್ಮ ಪರಿಚಿತರ ಮನೆಯ ಕೃತಕ ಹುಲ್ಲಿನ ಮೇಲೆ ಪಾಚಿ ಬಂದು ಜಾರುತ್ತದೆ. ಇದಕ್ಕೆ ಪರಿಹಾರವಿದೆಯೇ?
— ಕಾಫಿ ಬೆಳೆಗಾರರು, ಮೂಡಿಗೆರೆ

ಉತ್ತರ: ಪಾಚಿ ಪ್ಲಾಸ್ಟಿಕ್ಕನ್ನು ತಿನ್ನುವುದಿಲ್ಲ, ಎಳೆಗಳ ಬುಡದಲ್ಲಿ ಸೇರಿದ ಧೂಳು, ಸಿಲ್ವರ್ ಓಕ್‌ನ ತರಗೆಲೆ, ಗೋಡೆಯಿಂದ ಉದುರಿದ ಪುಡಿ ಇವುಗಳಲ್ಲಿ ಬೆಳೆಯುತ್ತದೆ. ಹಾಗಾಗಿ ಮಳೆ ಹಿಡಿಯುವ ಮೊದಲೇ, ಮೇ ತಿಂಗಳಲ್ಲಿ, ಬಿರುಸಾದ ಪ್ಲಾಸ್ಟಿಕ್ ಬ್ರಷ್‌ನಿಂದ ಎಳೆ ಬಾಗಿದ ದಿಕ್ಕಿಗೆ ವಿರುದ್ಧವಾಗಿ ಉಜ್ಜಿ, ಎದ್ದ ಕಸವನ್ನೆಲ್ಲ ಗುಡಿಸಿ ತೆಗೆಯಬೇಕು. ಮಳೆಗಾಲದಲ್ಲಿ ಹೊಳವಾದಾಗಲೆಲ್ಲ ಮತ್ತೆ ಉಜ್ಜಬೇಕು. ಪಾಚಿ ಹಿಡಿದ ಜಾಗಕ್ಕೆ ವಿನೆಗರ್ ಮತ್ತು ನೀರನ್ನು ಸಮಪ್ರಮಾಣದಲ್ಲಿ ಬೆರೆಸಿ ಚಿಮುಕಿಸಿ, ಅರ್ಧ ಗಂಟೆ ಬಿಟ್ಟು ಉಜ್ಜಿ ತೊಳೆಯಿರಿ. ತಂತಿಯ ಬ್ರಷ್ ಬಳಸಿದರೆ ಎಳೆಯ ತುದಿ ಸೀಳುತ್ತದೆ.

ಇಷ್ಟು ಹೇಳಿದ ಮೇಲೂ, ಮೂಡಿಗೆರೆ, ಸಕಲೇಶಪುರ, ಕೊಪ್ಪ, ಶೃಂಗೇರಿಯಂಥ ಊರುಗಳಲ್ಲಿ ತೆರೆದ ಅಂಗಳಕ್ಕೆ ಕೃತಕ ಹುಲ್ಲು ಬೇಡವೆಂದೇ ಹೇಳುತ್ತೇನೆ. ಹಾಸನ ಜಿಲ್ಲೆಯ ವಾರ್ಷಿಕ ಸರಾಸರಿ ಮಳೆ ಸುಮಾರು 1000 ಮಿಲಿಮೀಟರ್ ಆದರೆ ಸಕಲೇಶಪುರದಲ್ಲಿ ಅದರ ಎರಡು ಪಟ್ಟಿಗೂ ಹೆಚ್ಚು ಬೀಳುತ್ತದೆ. ಹಾಸನ ಪಟ್ಟಣದಲ್ಲಿ ಮಳೆ ನಿಂತ ಮರುದಿನ ಒಣಗುವ ಹಾಸು ಅಲ್ಲಿ ನಾಲ್ಕು ತಿಂಗಳು ಒದ್ದೆಯಾಗಿಯೇ ಇರುತ್ತದೆ. ತಗಡಿನದೋ ಗಾಜಿನದೋ ಮಾಡು ಹೊದಿಸಿದ ಜಗುಲಿ, ಬಾಲ್ಕನಿಗಳಿಗಾದರೆ ಹಾಕಿಸಬಹುದು. ತೆರೆದ ಜಾಗಕ್ಕೆ ಸಂದು ಬಿಟ್ಟು ಹಾಕಿದ ಚಪ್ಪಡಿ ಕಲ್ಲೇ ನಿಮ್ಮ ಕಡೆಗೆ ಒಗ್ಗುತ್ತದೆ.

ಪ್ರಶ್ನೆ: ನಮ್ಮ ಅತ್ತೆಯವರು ಅಂಗಳದಲ್ಲಿ ತುಳಸಿ ಕಟ್ಟೆ ಇರುವಾಗ ಪ್ಲಾಸ್ಟಿಕ್ ಹುಲ್ಲು ಬೇಡ, ರಂಗೋಲಿ ಎಲ್ಲಿ ಹಾಕುವುದು ಎನ್ನುತ್ತಾರೆ. ಏನು ಮಾಡಬಹುದು?
— ಸೊಸೆ, ಹೊಳೆನರಸೀಪುರ

ಉತ್ತರ: ನಿಮ್ಮ ಅತ್ತೆಯವರ ಮಾತಿನಲ್ಲಿ ಸಂಪ್ರದಾಯದ ಜೊತೆಗೆ ಸುರಕ್ಷತೆಯೂ ಇದೆ. ಹಾಸಿನ ಎಳೆ 120 ಡಿಗ್ರಿಯ ಆಸುಪಾಸಿನಲ್ಲಿ ಕರಗುತ್ತದೆ. ಕಾರ್ತಿಕದ ಹಣತೆಯಿಂದ ಸಿಡಿದ ಬತ್ತಿ, ಊದುಬತ್ತಿಯ ಕೆಂಡ, ದೀಪಾವಳಿಯ ಸುರುಸುರು ಬತ್ತಿಯ ಕಿಡಿ, ಬಚ್ಚಲ ಒಲೆಯಿಂದ ತಂದ ಕೆಂಡ ಯಾವುದು ಬಿದ್ದರೂ ಅಲ್ಲಿ ಗಟ್ಟಿ ಕಪ್ಪು ಕಲೆ ಉಳಿಯುತ್ತದೆ, ಆ ತುಂಡನ್ನು ಕತ್ತರಿಸಿ ಬೇರೆ ಹಾಕದೆ ವಿಧಿಯಿಲ್ಲ. ಕಟ್ಟೆಯ ಸುತ್ತ ಮೂರು ಅಡಿ ಹಾಗೂ ಹೊಸಿಲಿನ ಮುಂದೆ ನಾಲ್ಕು ಅಡಿ ಜಾಗಕ್ಕೆ ಒರಟು ಮೈಯ ಕಲ್ಲು ಹಾಕಿಸಿ. ಸಾರಿಸುವುದು, ರಂಗೋಲಿ, ದೀಪ, ಹಪ್ಪಳ ಸಂಡಿಗೆ ಒಣಗಿಸುವುದು ಎಲ್ಲಕ್ಕೂ ಆ ಜಾಗವಿರಲಿ. ಉಳಿದ ಕಡೆ ಹುಲ್ಲು ಹಾಕಿಸಿ. ಹುಲ್ಲು ಕಲ್ಲಿಗಿಂತ ತುಸು ತಗ್ಗಿನಲ್ಲಿ ಆರಂಭವಾದರೆ ರಂಗೋಲಿ ಪುಡಿ ತೊಳೆದ ನೀರು ಎಳೆಗಳ ಬುಡಕ್ಕೆ ಸೇರುತ್ತದೆ. ಆದ್ದರಿಂದ ಎರಡರ ನಡುವೆ ಸಣ್ಣ ಮೋರಿ ಬಿಡಿಸಿ.

ಇದೇ ಪತ್ರದ ನೆಪದಲ್ಲಿ ಇನ್ನೊಂದು ಮಾತು. ಕನ್ನಡಿಯಂತೆ ಹೊಳೆಯುವ ಫಿಲ್ಮ್ ಅಂಟಿಸಿದ ಕಿಟಕಿ ಗಾಜಿನಿಂದ ತಿರುಗಿ ಬೀಳುವ ಬಿಸಿಲೂ ಒಂದೇ ಜಾಗಕ್ಕೆ ಕೂಡಿಬಿದ್ದರೆ ಎಳೆಗಳನ್ನು ಸುರುಟಿಸುತ್ತದೆ. ಎದುರು ಮನೆಯಲ್ಲಿ ಅಂಥ ಗಾಜಿದ್ದರೆ ಬಿಸಿಲಿನ ಪಟ್ಟಿ ನಿಮ್ಮ ಅಂಗಳದಲ್ಲಿ ಎಲ್ಲಿ ಬೀಳುತ್ತದೆಂದು ನೋಡಿಕೊಳ್ಳಿ.

ಪ್ರಶ್ನೆ: ಮನೆಯಲ್ಲಿ ನಾಯಿಯಿದೆ. ವಾಸನೆ ಬರುತ್ತದೆಯೇ?
— ಕಾಲೇಜು ವಿದ್ಯಾರ್ಥಿ, ಚಿಕ್ಕಮಗಳೂರು

ಉತ್ತರ: ಬರುತ್ತದೆ. ಮಣ್ಣಿನಲ್ಲಾದರೆ ಸೂಕ್ಷ್ಮಜೀವಿಗಳು ಮೂತ್ರವನ್ನು ಕರಗಿಸಿಕೊಳ್ಳುತ್ತವೆ, ಇಲ್ಲಿ ಅದು ಹಾಸಿನ ಬೆನ್ನಿನಲ್ಲಿ ಉಳಿದು ಬಿಸಿಲಿಗೆ ಅಮೋನಿಯಾದ ವಾಸನೆ ಹೊರಡುತ್ತದೆ. ದಿನವೂ ಒಂದು ಬಕೆಟ್ ನೀರು ಸುರಿಯಲೇಬೇಕು. ಮರಳಿನ ಬದಲು ಜಿಯೊಲೈಟ್ ಎಂಬ, ವಾಸನೆ ಹೀರುವ ಖನಿಜದ ಕಾಳು ಹಾಕಿದರೆ ವಾಸನೆ ಸ್ವಲ್ಪ ತಗ್ಗುತ್ತದೆ. ನಾಯಿಗೆ ಒಂದು ಮೂಲೆಯಲ್ಲಿ ಮರಳಿನ ಜಾಗ ಬಿಟ್ಟು ಅಲ್ಲಿಗೇ ಅಭ್ಯಾಸ ಮಾಡಿಸುವುದು ಎಲ್ಲಕ್ಕಿಂತ ಒಳ್ಳೆಯದು.

ಪ್ರಶ್ನೆ: ನಮ್ಮ ಅಂಗಳಕ್ಕೆ ದಿನಕ್ಕೆ ಎರಡು ಗಂಟೆಗಿಂತ ಹೆಚ್ಚು ಬಿಸಿಲು ಬೀಳುವುದಿಲ್ಲ. ಎರಡು ಸಲ ಲಾನ್ ಹಾಕಿಸಿದರೂ ಒಣಗಿತು. ಪ್ಲಾಸ್ಟಿಕ್ ಹಾಕಲು ಮನಸ್ಸು ಒಪ್ಪುತ್ತಿಲ್ಲ. ಬೇರೆ ದಾರಿಯಿದೆಯೇ?
— ನಿವೃತ್ತ ನೌಕರರು, ಚಿಕ್ಕಮಗಳೂರು

ಉತ್ತರ: ಇದೆ, ಮತ್ತು ನಿಮ್ಮ ಮನಸ್ಸಿನ ಕಡೆಗೇ ನಾನೂ ಇದ್ದೇನೆ. ಲಾನಿಗೆ ಹಾಕುವ ಗರಿಕೆ ಜಾತಿಯ ಹುಲ್ಲಿಗೆ ದಿನಕ್ಕೆ ಆರು ಗಂಟೆಯಾದರೂ ಬಿಸಿಲು ಬೇಕು, ಎರಡು ಗಂಟೆಯಲ್ಲಿ ಅದು ಬದುಕಲಾರದು. ಆರೈಕೆಯಲ್ಲಿ ನಿಮ್ಮಿಂದ ಕೊರತೆಯಾದದ್ದಲ್ಲ. ನೆರಳನ್ನು ಒಪ್ಪುವ ಗಿಡಗಳನ್ನು ಆರಿಸಿ. ಅಗಲ ಎಲೆಯ ಬಫೆಲೊ ಹುಲ್ಲು ಅರೆನೆರಳನ್ನು ತಡೆಯುತ್ತದೆ. ಗೋಡೆಯ ಬುಡದ ದಟ್ಟ ನೆರಳಿಗೆ ಗಾಢ ಹಸಿರಿನ ಮಾಂಡೊ ಹುಲ್ಲು, ಜರಿಗಿಡಗಳು ಸರಿ. ತೇವ ನಿಲ್ಲುವ ಕಡೆ ಒಂದೆಲಗ ಹಚ್ಚಿ. ಬಳ್ಳಿ ಹರಿದು ನೆಲ ಮುಚ್ಚುತ್ತದೆ, ತಂಬುಳಿಗೂ ಆಗುತ್ತದೆ. ಇವು ಯಾವುವೂ ದಿನವೂ ತುಳಿತ ತಡೆಯುವುದಿಲ್ಲವಾದ್ದರಿಂದ ನಡೆಯುವಲ್ಲಿ ಹೆಜ್ಜೆಗೊಂದರಂತೆ ಚಪ್ಪಡಿ ಕಲ್ಲು ಹಾಕಿ, ಸಂದಿನಲ್ಲಿ ಇವನ್ನು ನೆಡಿ.

ಕೃತಕ ಹುಲ್ಲು ಹಾಕಿಸುವವರಿಗೂ ಈ ಸಂದರ್ಭದಲ್ಲಿ ನನ್ನ ಗಟ್ಟಿಯಾದ ಅಭಿಪ್ರಾಯ ಹೇಳಿಬಿಡುತ್ತೇನೆ: ಎಷ್ಟೇ ಚಿಕ್ಕ ಅಂಗಳವಾದರೂ ನಾಲ್ಕನೇ ಒಂದು ಭಾಗ ತೆರೆದ ಮಣ್ಣಾಗಿ ಉಳಿಯಲಿ. ಹಾಸಿನ ಕೆಳಗೆ ಎರೆಹುಳು ಬದುಕುವುದಿಲ್ಲ, ಮೇಲೆ ಚಿಟ್ಟೆಗೆ ಕೂರಲು ಹೂವಿಲ್ಲ. ಅಂಗಳದಲ್ಲಿ ಮರವಿದ್ದರೆ ಬುಡದ ಸುತ್ತ ಎರಡು ಅಡಿಯಾದರೂ ಪಾತಿ ಬಿಡಲೇಬೇಕು. ಹೊರಗೆ ಹಾಕಿದ ಹಾಸು ಎಂಟು, ಹತ್ತು ವರ್ಷಕ್ಕೆ ಮಾಸಿ ಎಳೆ ಉದುರತೊಡಗುತ್ತದೆ. ಎರಡು ಮೂರು ಬಗೆಯ ಪ್ಲಾಸ್ಟಿಕ್ ಮತ್ತು ಲೇಪ ಬಿಡಿಸಲಾಗದಂತೆ ಕೂಡಿಕೊಂಡಿರುವುದರಿಂದ ಅದನ್ನು ಮರುಬಳಕೆ ಮಾಡುವುದು ಬಹಳ ಕಷ್ಟ. ಕಸದ ಗಾಡಿಗೆ ಹಾಕುವ ಆ ದಿನವನ್ನೂ ಕೊಳ್ಳುವಾಗಲೇ ಯೋಚಿಸಬೇಕು. ಎಂದೂ ಸುಡಬೇಡಿ.

ಪ್ರಶ್ನೆ: ಬಾಡಿಗೆ ಮನೆಯಲ್ಲಿದ್ದೇವೆ. ಮುಂದಿನ ಎರಡು ವರ್ಷಕ್ಕಾಗಿ ಇಷ್ಟೆಲ್ಲ ಖರ್ಚು ಮಾಡಬೇಕೇ?
— ದಂಪತಿ, ಹಾಸನ

ಉತ್ತರ: ಬೇಡ. ನೆಲ ಅಗೆಯುವುದಕ್ಕೆ ಮಾಲೀಕರ ಒಪ್ಪಿಗೆಯೂ ಬೇಕಾಗುತ್ತದೆ. ಪೋರ್ಟಿಕೊದಲ್ಲಿ, ಮಳೆ ಎರಚದ ಕಡೆ, 6 ಅಡಿಗೆ 4 ಅಡಿಯ ಒಂದು ತುಂಡನ್ನು ಅಂಟಿಲ್ಲದೆ ಹಾಸಿಕೊಳ್ಳಿ. ವಾರಕ್ಕೊಮ್ಮೆ ಎತ್ತಿ ಕೊಡವಿ, ಕೆಳಗಿನ ನೆಲ ಒರೆಸಿ, ಕಾಂಪೌಂಡಿನ ಮೇಲೆ ಬಿಸಿಲಿಗೆ ಹಾಕಿ. ಮನೆ ಬಿಡುವಾಗ ಸುತ್ತಿಕೊಂಡು ಹೋಗಬಹುದು.